‘ಏನೂ ಮಾಡಂಗಿಲ್ರಿ’: ಕಲಬುರಗಿಯ ಒಂದು ಪಾರ್ಕು, ಒಂದು ನಾಯಿ, ಒಂದು ಹಗ್ಗ

ಏಪ್ರಿಲ್ ಕೊನೆಯ ವಾರ. ಆ ದಿನಗಳಲ್ಲಿ ಕಲಬುರಗಿಯಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲು ಬೆನ್ನು ಸುಡುತ್ತದೆ. ಅದಕ್ಕೇ ನಮ್ಮ ಬಡಾವಣೆಯವರೆಲ್ಲ ಐದೂವರೆಗೆ ಪಾರ್ಕಿಗೆ ಬಂದುಬಿಡುತ್ತಾರೆ. ಶುಗರ್ ಇರುವವರು, ಮೊಣಕಾಲು ನೋವಿನವರು, ರಜೆಗೆ ಅಜ್ಜಿ ಮನೆಗೆ ಬಂದ ಮಕ್ಕಳು, ನಾಯಿ ಸಾಕಿದವರು, ಎಲ್ಲರಿಗೂ ತಂಪು ಸಿಗುವುದು ಆ ಒಂದೂವರೆ ತಾಸು ಮಾತ್ರ. ಜಾಗ ಒಂದೇ, ಹೊತ್ತೂ ಒಂದೇ. ಆ ವಾರ ನಾಯಿಯೊಂದು ಕಚ್ಚಿ ಹತ್ತಿದ ಜಗಳದ ಬೇರು ಅಲ್ಲೇ ಇತ್ತು ಅಂತ ನನಗೆ ಆಮೇಲೆ ಅನ್ನಿಸಿತು.

ಪಾರ್ಕು ದೊಡ್ಡದೇನಲ್ಲ. ಸೇಡಂ ರಸ್ತೆ ಕಡೆಯ ಬಡಾವಣೆಗಳಲ್ಲಿ ಇಂಥ ಎಷ್ಟೋ ಪಾರ್ಕುಗಳಿವೆ. ನಾಲ್ಕು ಬೇವಿನ ಮರ, ಒಂದಿಷ್ಟು ಹೊಂಗೆ, ಸುತ್ತಲೂ ಶಹಾಬಾದ್ ಫರ್ಸಿ ಕಲ್ಲು ಹಾಸಿದ ದಾರಿ. ಒಂದು ಮೂಲೆಯಲ್ಲಿ ವ್ಯಾಯಾಮದ ಕಬ್ಬಿಣದ ಸಾಮಾನು, ಇನ್ನೊಂದು ಮೂಲೆಯಲ್ಲಿ ಸುತ್ತ ಜಾಲರಿ ಹಾಕಿದ ಬ್ಯಾಡ್ಮಿಂಟನ್ ಕೋರ್ಟು.

ನಾನು ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅದರಲ್ಲಿ ಒಂಬತ್ತು ವರ್ಷ ಇಂಜೆಕ್ಷನ್ ಕೋಣೆಯಲ್ಲೇ ಕಳೆದೆ. ನಾಯಿ ಕಚ್ಚಿಸಿಕೊಂಡು ಬಂದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆದರೆ ಕಚ್ಚುವ ಗಳಿಗೆಯನ್ನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

ಮೊದಲು ಕೇಳಿಸಿದ್ದು ಉಗುರಿನ ಸದ್ದು. ಫರ್ಸಿ ಮೇಲೆ ನಾಯಿ ನಡೆದರೆ ಟಿಕ್ ಟಿಕ್ ಅನ್ನುತ್ತದೆ. ಓಡಿದರೆ ಆ ಸದ್ದು ಒಂದಕ್ಕೊಂದು ಅಂಟಿಕೊಂಡು, ಸ್ಟೀಲ್ ತಟ್ಟೆಗೆ ಜೋಳ ಸುರಿದ ಹಾಗೆ ಆಗುತ್ತದೆ. ತಿರುಗಿ ನೋಡಿದೆ. ಏಳು ವರ್ಷದ ಹುಡುಗ ಅಜ್ಜಿಯನ್ನು ಹಿಂದೆ ಹಾಕಬೇಕು ಅಂತ ಓಡುತ್ತಿದ್ದ. ಅವನ ಬೆನ್ನಿಗೆ ಜರ್ಮನ್ ಶೆಫರ್ಡ್. ಮೂರು ವರ್ಷದ ಗಂಡು ನಾಯಿ, ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು, ಹೆಸರು ಶೇರು. ಮಾಲಕರು ಗೇಟಿನ ಹತ್ತಿರ ಯಾರ ಜೊತೆಗೋ ಮಾತಾಡುತ್ತ ನಿಂತಿದ್ದರು. ನಾಯಿಯ ಹಗ್ಗ ಅವರ ಕೊರಳಲ್ಲಿತ್ತು, ಟವೆಲ್ ಹಾಕಿಕೊಂಡ ಹಾಗೆ.

‘ಏನೂ ಮಾಡಂಗಿಲ್ರಿ! ಓಡಬ್ಯಾಡ್ರಿ!’ ಅಂತ ಅವರು ಕೂಗಿದರು. ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದವು.

ಅಜ್ಜಿ ಮೊಮ್ಮಗನಿಗೂ ನಾಯಿಗೂ ನಡುವೆ ಬಂದರು. ಅರವತ್ತೆರಡು ವಯಸ್ಸು, ಸಣ್ಣ ಮೈ. ನಾಯಿ ಅವರ ಮೊಣಕೈ ಕೆಳಗೆ ಬಾಯಿ ಹಾಕಿತು, ಒಮ್ಮೆ ಎಳೆದು ಬಿಟ್ಟಿತು. ಅವರು ಪಕ್ಕಕ್ಕೆ ಬಿದ್ದು, ಇನ್ನೊಂದು ಕೈಯನ್ನು ಫರ್ಸಿಗೆ ಊರಿದರು. ಹಲ್ಲು ಇಳಿದದ್ದು ಎರಡು ಕಡೆ. ಮುರಿದದ್ದು ಊರಿದ ಕೈಯ ಮಣಿಕಟ್ಟು. ನಾಯಿಯ ಸುದ್ದಿ ಬಂದಾಗ ಎಲ್ಲರೂ ಹಲ್ಲಿನ ಗುರುತು ಹುಡುಕುತ್ತಾರೆ. ವಯಸ್ಸಾದವರಿಗೆ ಬಿದ್ದ ಪೆಟ್ಟೇ ಜಾಸ್ತಿ ದಿನ ಕಾಡುತ್ತದೆ. ನಾಯಿ ಕಚ್ಚದೆ ಸುಮ್ನೆ ಮೈಮೇಲೆ ಹಾರಿದ್ದರೂ ಆ ಮಣಿಕಟ್ಟು ಮುರಿಯುತ್ತಿತ್ತು.

ಮುಂದಿನ ಹದಿನೈದು ನಿಮಿಷದ ಬಗ್ಗೆ ಬಿಡಿಸಿ ಹೇಳಬೇಕು, ಯಾಕಂದರೆ ಜೀವ ಉಳಿಸುವ ಕೆಲಸ ಆಗ ಆಗುತ್ತದೆ. ಒಬ್ಬರು ಅರಿಶಿನ ತರಲು ಮನೆಗೆ ಓಡಿದರು. ಇನ್ನೊಬ್ಬರು ಸುಣ್ಣ ಹಚ್ಚಿ ಅಂದರು. ಖಾರದಪುಡಿ ತುಂಬಿದರೆ ವಿಷ ಇಳಿಯುತ್ತದೆ ಅಂದವರೂ ಇದ್ದರು. ನಾನು ಯಾವುದಕ್ಕೂ ಬಿಡಲಿಲ್ಲ. ಮಾಲಿಯ ಕೋಣೆಯಿಂದ ಬಟ್ಟೆ ಸೋಪು ತರಿಸಿದೆ. ಗಿಡಕ್ಕೆ ನೀರು ಬಿಡುವ ಪೈಪನ್ನು ಗಾಯದ ಮೇಲೆ ಹಿಡಿಸಿದೆ. ಸೋಪು ಹಚ್ಚುವುದು, ನೀರು ಬಿಡುವುದು, ಮತ್ತೆ ಸೋಪು. ಗಡಿಯಾರ ನೋಡಿಕೊಂಡು ಪೂರ್ತಿ ಹದಿನೈದು ನಿಮಿಷ. ಮೂರು ನಿಮಿಷಕ್ಕೇ ಜನ ‘ಸಾಕು ಬಿಡ್ರಿ, ದವಾಖಾನಿಗಿ ಹೋಗೂನು’ ಅಂದರು. ಸಾಕಾಗುವುದಿಲ್ಲ. ರೇಬಿಸ್ ವೈರಸ್ ಇರುವುದು ನಾಯಿಯ ಜೊಲ್ಲಿನಲ್ಲಿ. ಅದು ಗಾಯದಿಂದ ನರಕ್ಕೆ ಹತ್ತಿಕೊಳ್ಳುವ ಮೊದಲೇ ತೊಳೆದು ಹಾಕಬೇಕು. ಸೋಪು ಆ ವೈರಸ್ಸಿನ ಹೊರಪದರವನ್ನೇ ಒಡೆಯುತ್ತದೆ. ಸುಣ್ಣ, ಖಾರ ಗಾಯವನ್ನು ಇನ್ನಷ್ಟು ಕೆಡಿಸುತ್ತವೆ ಅಷ್ಟೇ. ಮುರಿದ ಕೈಗೆ ಪೇಪರ್ ಮಡಚಿ, ಅದರ ಮೇಲೆ ದುಪಟ್ಟಾ ಸುತ್ತಿ ಕಟ್ಟಿದೆವು. ಅಜ್ಜಿ ಅಳಲಿಲ್ಲ. ‘ಹುಡುಗಗ ಏನರ ಆಗ್ಯಾದೇನು ನೋಡ್ರಿ’ ಅಂತ ಕೇಳುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಗಾಯವನ್ನು ಮೂರನೇ ದರ್ಜೆ ಅಂತ ಬರೆದರು. ಚರ್ಮ ತೂತಾಗಿ ರಕ್ತ ಬಂದರೆ ಅದು ಮೂರನೇ ದರ್ಜೆಯೇ, ಗಾಯ ಎಷ್ಟೇ ಸಣ್ಣದಿರಲಿ. ಅಂಥವರಿಗೆ ಲಸಿಕೆ ಒಂದೇ ಸಾಲದು. ಲಸಿಕೆ ಮೈಯಲ್ಲಿ ಶಕ್ತಿ ಹುಟ್ಟಿಸಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಮೈಯನ್ನು ಕಾಪಾಡಲು, ವೈರಸ್ಸನ್ನು ತಡೆಯುವ ಶಕ್ತಿ ಮೊದಲೇ ಇರುವ ಸೀರಂ ಅನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಅದು ನೋಯುತ್ತದೆ. ಅಜ್ಜಿ ನನ್ನ ಕೈ ಹಿಡಿದದ್ದು ಅವಾಗ ಮಾತ್ರ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಾರೆ ಅನ್ನುವ ಹೆದರಿಕೆ ಅವರಿಗೂ ಇತ್ತು. ಅದು ಹಳೆಯ ಕಾಲದ ಮಾತು. ಈಗ ತೋಳಿಗೆ ಕೊಡುತ್ತಾರೆ. ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು ಸಲ.

‘ನಮ್ ನಾಯಿಗಿ ಎಲ್ಲಾ ಸೂಜಿ ಆಗ್ಯಾವ’ ಅಂದರು ಮಾಲಕರು. ಪುಸ್ತಕ ತರಿಸಿ ನೋಡಿದೆವು. ಕೊನೆಯ ರೇಬಿಸ್ ಲಸಿಕೆ ಹಾಕಿಸಿ ಹದಿನಾಲ್ಕು ತಿಂಗಳಾಗಿತ್ತು. ಮೂರು ತಿಂಗಳ ಮರಿಯಿದ್ದಾಗ ಮೊದಲನೆಯದು, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು. ಅವರು ಸುಳ್ಳು ಹೇಳಿರಲಿಲ್ಲ, ಮರೆತಿದ್ದರು. ಕಚ್ಚಿಸಿಕೊಂಡವರಿಗೆ ಆ ಎರಡರಲ್ಲಿ ಏನು ವ್ಯತ್ಯಾಸ? ಹತ್ತು ದಿನ ನಾಯಿಯ ಮೇಲೆ ಕಣ್ಣಿಟ್ಟೆವು. ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಅಷ್ಟರಲ್ಲಿ ನಾಯಿಗೇ ರೋಗ ಕಾಣಿಸಿಕೊಳ್ಳುತ್ತಿತ್ತು. ಶೇರು ಚೆನ್ನಾಗಿಯೇ ಇತ್ತು. ಆದರೆ ಆ ಹತ್ತು ದಿನ ಕಾದು ಆಮೇಲೆ ಇಂಜೆಕ್ಷನ್ ಶುರು ಮಾಡೋಣ ಅನ್ನುವುದು ಯಾರೂ ಮಾಡಬಾರದ ಕೆಲಸ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ.

ಇದೆಲ್ಲ ಇದ್ದಕ್ಕಿದ್ದಂತೆ ಆಯಿತೇ? ಇಲ್ಲ. ಸಂಕ್ರಾಂತಿ ಹೊತ್ತಿಗೆ ಶೇರು ಹಾಲಿನ ಹುಡುಗನ ಸೈಕಲ್ ಬೆನ್ನು ಹತ್ತಿ ಬೀಳಿಸಿತ್ತು. ಹಾಲು ಚೆಲ್ಲಿದ್ದಕ್ಕೆ ಮಾಲಕರು ದುಡ್ಡು ಕೊಟ್ಟರು, ವಿಷಯ ಮುಗಿಯಿತು. ಶಿವರಾತ್ರಿ ಆದ ಮೇಲೆ ಕಾಲೇಜು ಹುಡುಗಿಯೊಬ್ಬಳ ದುಪಟ್ಟಾ ಹಿಡಿದು ಎಳೆದಿತ್ತು. ಆಕೆ ಮರುದಿನದಿಂದ ಪಾರ್ಕಿಗೆ ಬರುವುದನ್ನೇ ಬಿಟ್ಟಳು. ನಾನು ಎರಡನ್ನೂ ನೋಡಿದ್ದೆ. ಎರಡು ಸಲವೂ ಬಾಲ ನೆಟ್ಟಗೆ ನಿಂತಿತ್ತು, ಬೆನ್ನ ಮೇಲಿನ ಕೂದಲು ಎದ್ದಿತ್ತು, ಮೈ ಬಿಗಿದಿತ್ತು. ಆಟಕ್ಕೆ ಬಂದ ನಾಯಿಯ ಮೈ ಹಾಗಿರುವುದಿಲ್ಲ, ಸಡಿಲವಾಗಿ ಬಳುಕುತ್ತದೆ. ನೆರೆಯವರ ಜೊತೆ ಯಾಕೆ ಕೆಟ್ಟವಳಾಗಬೇಕು ಅಂತ ಸುಮ್ಮನಿದ್ದೆ. ಆ ಸುಮ್ಮನಿರುವಿಕೆ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಜಗಳ ಹತ್ತಿದ್ದು ಕಚ್ಚಿದ ದಿನವಲ್ಲ, ಮೂರನೇ ದಿನ. ಎರಡು ದಿನ ಮಾಲಕರ ಮನೆಯಿಂದ ಯಾರೂ ಅಜ್ಜಿಯನ್ನು ನೋಡಲು ಬರಲಿಲ್ಲ. ನಮ್ಮ ಕಡೆ ಮಾತು ಬಿಟ್ಟ ಮನೆಯವರೂ ದವಾಖಾನೆ ಅಂದರೆ ಹೋಗಿ ‘ಹೆಂಗದೀರಿ’ ಅಂತ ಕೇಳಿ ಬರುತ್ತಾರೆ. ಮಾಲಕರು ಹೆದರಿದ್ದರು. ಹೋದರೆ ತಪ್ಪು ಒಪ್ಪಿಕೊಂಡ ಹಾಗೆ, ಪೊಲೀಸ್ ಕೇಸ್ ಆಗುತ್ತದೆ ಅಂತ ಯಾರೋ ಕಿವಿ ಊದಿದ್ದರು. ಅಜ್ಜಿಯ ಮಗನಿಗೆ ಇದು ಕಚ್ಚಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಮೂರನೇ ದಿನ ಸಂಜೆ ಮಾಲಕರ ಹೆಂಡತಿ ಒಬ್ಬರೇ ಮೋಸಂಬಿ ಹಿಡಿದುಕೊಂಡು ಬಂದರು. ಬಾಗಿಲಲ್ಲೇ ಅತ್ತರು. ಅಜ್ಜಿ ಒಳಗೆ ಕರೆದು ಕೂರಿಸಿದರು. ಆದರೆ ಅಷ್ಟರಲ್ಲಿ ಮಗ ದೂರಿನ ಕಾಗದ ಬರೆದಿಟ್ಟಿದ್ದ.

ಮರುದಿನ ಸಂಜೆ ಪಾರ್ಕಿನ ಬೇವಿನ ಮರದ ಕೆಳಗೆ ಸಭೆ ಸೇರಿತು. ಮೂವತ್ತು ಜನ ಇದ್ದರು.

ಮೊದಲ ಅರ್ಧ ತಾಸು ಮಾತು ಎಲ್ಲೆಲ್ಲಿಗೋ ಹೋಯಿತು. ಒಬ್ಬರು ಬೀದಿ ನಾಯಿಗಳ ಕಥೆ ತೆಗೆದರು. ಅವರ ಸಿಟ್ಟು ಖರೆ, ಆದರೆ ಅದು ಬೇರೆ ವಿಷಯ. ಬೀದಿ ನಾಯಿಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಿವೆ: ಹಿಡಿದು, ಆಪರೇಶನ್ ಮಾಡಿಸಿ, ಲಸಿಕೆ ಹಾಕಿ ನೋಡಿಕೊಳ್ಳುವ ಕೆಲಸ ಸ್ಥಳೀಯ ಆಡಳಿತದ್ದು. ಶೇರುಗೆ ಮನೆ ಇದೆ, ಮಾಲಕ ಇದ್ದಾನೆ, ಹಗ್ಗ ಇದೆ. ಹಗ್ಗ ನಾಯಿಯ ಕೊರಳಿಗೆ ಇರಲಿಲ್ಲ ಅನ್ನುವುದೇ ಪ್ರಶ್ನೆ.

ಇನ್ನೊಬ್ಬರು, ಇಂಥ ಜಾತಿಯ ನಾಯಿಗಳನ್ನು ಸರ್ಕಾರ ನಿಷೇಧ ಮಾಡಿದೆ ಅಂದರು. ಅದೂ ಅರ್ಧ ಸತ್ಯ. ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತ್ತು. ಜರ್ಮನ್ ಶೆಫರ್ಡ್ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಆ ಸುತ್ತೋಲೆಯನ್ನೂ ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್ 10ರಂದು ರದ್ದು ಮಾಡಿತು. ನನ್ನ ಅನುಭವವೂ ತಳಿಯ ಮಾತನ್ನು ಒಪ್ಪುವುದಿಲ್ಲ. ಇಂಜೆಕ್ಷನ್ ಕೋಣೆಗೆ ಬಂದವರಲ್ಲಿ ಮನೆಯ ಪಾಮೇರಿಯನ್ ಕಚ್ಚಿದವರೂ ಬೇಕಾದಷ್ಟು ಜನ ಇರುತ್ತಿದ್ದರು. ದೊಡ್ಡ ನಾಯಿ ಕಚ್ಚಿದರೆ ಗಾಯ ದೊಡ್ಡದು, ಅದು ನಿಜ. ಹಾಗಾಗಿ ದೊಡ್ಡ ನಾಯಿ ಸಾಕಿದವರ ಹೊಣೆಯೂ ದೊಡ್ಡದು.

ಹಿಂದೆ ಕೂತ ಒಬ್ಬರು ‘ರೊಟ್ಟ್ಯಾಗ ಒಂದೀಟು ಔಷಧ ಇಟ್ರ ಮುಗೀತು’ ಅಂದರು. ನನಗೆ ಮೈ ಉರಿಯಿತು. ಪ್ರಾಣಿಗೆ ವಿಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು. ಕಾನೂನು ಬಿಡಿ, ಮಕ್ಕಳು ಆಡುವ ಪಾರ್ಕಿನಲ್ಲಿ ವಿಷದ ರೊಟ್ಟಿ ಇಡುವ ಮಾತು ಬಾಯಿಂದ ಬರುವುದಾದರೂ ಹೇಗೆ? ಸಭೆ ಅದನ್ನು ಅಲ್ಲೇ ತಡೆಯಿತು, ಅಜ್ಜಿಯ ಮಗನೇ ಮೊದಲು ಎದ್ದು ತಡೆದ. ಆ ಹುಡುಗನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಆಮೇಲೆ ಮಾಲಕರು ಮಾತಾಡಿದರು. ‘ಹುಡುಗ ಓಡ್ಯಾನ, ಅದಕ್ಕ ಬೆನ್ನ ಹತ್ಯಾದ. ನಿಂತಿದ್ರ ಏನೂ ಮಾಡ್ತಿದ್ದಿಲ್ಲ. ಮನ್ಯಾಗ ನನ್ ಮಗಳ ತೊಡಿ ಮ್ಯಾಲ ತಲಿ ಇಟ್ಟು ಮಲಗ್ತದ.’ ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಓಡುವುದನ್ನು ಕಂಡರೆ ಬೆನ್ನು ಹತ್ತುವುದು ನಾಯಿಯ ಸ್ವಭಾವ. ಕುರಿ ಕಾಯಲು ಬೆಳೆಸಿದ ತಳಿಗೆ ಅದು ಇನ್ನೂ ಜಾಸ್ತಿ. ಆದರೆ ಏಳು ವರ್ಷದ ಹುಡುಗ ಪಾರ್ಕಿಗೆ ಬರುವುದೇ ಓಡಲು. ಓಡಬಾರದು ಅಂದರೆ ಅವನು ಬೇರೆ ಎಲ್ಲಿ ಓಡಬೇಕು, ಸೇಡಂ ರಸ್ತೆಯಲ್ಲಿಯೇ?

ಅಜ್ಜಿ ಪ್ಲಾಸ್ಟರ್ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ‘ಅದು ಏನೂ ಮಾಡಂಗಿಲ್ಲ ಅನ್ನೋದು ನಿಮಗ ಗೊತ್ತದ ತಮ್ಮಾ. ನಮಗೇನ್ ಗೊತ್ತದ?’ ಅಂದರು.

ಇಡೀ ಪ್ರಕರಣದ ಗಂಟು ಆ ಮಾತಿನಲ್ಲಿದೆ. ಮಾಲಕರು ಮೂರು ವರ್ಷ ಜೊತೆಗಿದ್ದು ಕಂಡುಕೊಂಡದ್ದನ್ನು, ದಾರಿಯಲ್ಲಿ ಬರುವವರು ಒಂದು ಕ್ಷಣದಲ್ಲಿ ನಂಬಬೇಕು ಅಂತ ಕೇಳುತ್ತಿದ್ದರು. ಅದೂ ನಲವತ್ತು ಕಿಲೋ ಪ್ರಾಣಿ ಮೈಮೇಲೆ ಬರುತ್ತಿರುವಾಗ. ಮನೆಯಲ್ಲಿ ಕಂಡ ಶೇರು ಬೇರೆ, ಪಾರ್ಕಿನಲ್ಲಿ ಅಪರಿಚಿತರ ನಡುವೆ ಬಿಟ್ಟ ಶೇರು ಬೇರೆ. ಆ ಎರಡನೆಯ ನಾಯಿಯನ್ನು ಮಾಲಕರು ಯಾವತ್ತೂ ಹತ್ತಿರದಿಂದ ನೋಡಿರಲಿಲ್ಲ. ಅದು ಓಡುವಾಗ ಅವರು ಯಾವಾಗಲೂ ಗೇಟಿನ ಹತ್ತಿರವೇ ಇರುತ್ತಿದ್ದರು.

ಅವರ ಮೇಲೆ ಎಲ್ಲರಿಗಿಂತ ಜಾಸ್ತಿ ಸಿಟ್ಟಾದವಳು ನಾಯಿ ಸಾಕಿದ ಇನ್ನೊಬ್ಬಳು. ಬೀದಿಯಿಂದ ಎತ್ತಿಕೊಂಡು ಬಂದ ಕಂದು ಬಣ್ಣದ ಹೆಣ್ಣು ನಾಯಿಯನ್ನು ಸಾಕಿದ್ದಾಳೆ. ದಿನಾ ಹಗ್ಗ ಹಿಡಿದೇ ತರುತ್ತಾಳೆ. ‘ನಿಮ್ಮ ನಾಯಿ ಬಂದು ನನ್ನ ನಾಯಿ ಮ್ಯಾಲ ಎರಗಿದಾಗೂ ನೀವು ಇದೇ ಮಾತು ಹೇಳಿದ್ರಿ. ಹಗ್ಗದಾಗ ಇರೋ ನಾಯಿ ಎತ್ಲಾಗ ಓಡಬೇಕ್ರಿ? ಈಗ ನಿಮ್ಮ ಸಲುವಾಗಿ ನಮ್ಮೆಲ್ಲರಿಗೂ ಬಾಗಿಲು ಮುಚ್ತಾರ’ ಅಂದಳು.

ಬಾಗಿಲು ಮುಚ್ಚುವ ಮಾತು ಆಗಲೇ ನಡೆದಿತ್ತು. ‘ನಾಯಿಗಳಿಗೆ ಪ್ರವೇಶವಿಲ್ಲ’ ಅಂತ ಬೋರ್ಡ್ ಬರೆಸಲು ಅರ್ಧಕ್ಕಿಂತ ಹೆಚ್ಚು ಜನ ಕೈ ಎತ್ತಿದರು. ನಿವೃತ್ತ ವಕೀಲರೊಬ್ಬರು ತಡೆದರು. ಸಾಕು ನಾಯಿಗಳನ್ನು ಪೂರ್ತಿ ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಗಳಿಗೆ ಇಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಪಾರ್ಕಿನಿಂದ ಹೊರಗಿಟ್ಟರೆ ನಾಯಿಗೆ ವ್ಯಾಯಾಮ ಸಿಗದೆ ಅದು ಇನ್ನೂ ಸಿಡುಕಾಗುತ್ತದೆ, ಬೇಕಾದರೆ ಎಲ್ಲರೂ ಒಪ್ಪುವ ಹೊತ್ತು ಗೊತ್ತುಮಾಡಿಕೊಳ್ಳಿ ಅನ್ನುತ್ತದೆ ಅದು. ಹೊರಗೆ ತರುವಾಗ ಹಗ್ಗ ಇರಲಿ ಅಂತಲೂ ಅದೇ ಹೇಳುತ್ತದೆ. ಜೊತೆಗೆ ವಕೀಲರು ಮಾಲಕರ ಕಡೆ ತಿರುಗಿ ಇನ್ನೊಂದನ್ನೂ ಓದಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 291ನೇ ಕಲಂ: ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲೂ ಇದೇ ಇತ್ತು, ದಂಡ ಮಾತ್ರ ಸಾವಿರ ರೂಪಾಯಿ. ‘ನನ್ನ ನಾಯಿ ಒಳ್ಳೇದು’ ಅನ್ನುವ ಮಾತಿಗೆ ಆ ಕಲಂ ಏನೂ ಬೆಲೆ ಕೊಡುವುದಿಲ್ಲ. ಕಾಳಜಿ ತಗೊಂಡಿದ್ದೀರಾ ಅಂತ ಮಾತ್ರ ಕೇಳುತ್ತದೆ.

ಮಾಲಕರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಇಡೀ ದಿನ ಅಂಗಡಿ. ನಾಯಿ ಬೆಳಗ್ಗೆಯಿಂದ ರಾತ್ರಿವರೆಗೆ ಮೆಟ್ಟಿಲ ಕೆಳಗೆ ಸರಪಳಿಯಲ್ಲಿ. ಮೇಲೆ ತಗಡಿನ ಶೆಡ್ಡು. ‘ಮುಂಜಾನಿ ಅರ್ಧ ತಾಸರ ಓಡಾಡ್ಲಿ ಅಂತ ಬಿಡ್ತೀನ್ರಿ. ಅದರ ಸಂಕಟ ನೋಡಾಕ ಆಗಂಗಿಲ್ಲ.’ ಪ್ರೀತಿಯಿಂದಲೇ ಬಿಚ್ಚಿ ಬಿಟ್ಟಿದ್ದರು. ಇಡೀ ದಿನ ಕಟ್ಟಿಹಾಕಿದ ಪ್ರಾಣಿ ಆ ಅರ್ಧ ತಾಸಿನಲ್ಲಿ ಹೇಗೆ ವರ್ತಿಸುತ್ತದೆ ಅಂತ ಅವರು ಯೋಚಿಸಿರಲಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ, ತಗಡಿನ ಕೆಳಗೆ, ಮೈತುಂಬ ದಟ್ಟ ಕೂದಲಿನ ನಾಯಿ. ಕಚ್ಚಿದ್ದಕ್ಕೆ ಅದು ನೆಪವಾಗುವುದಿಲ್ಲ. ಆದರೆ ಕಾರಣ ಗೊತ್ತಾಗದೆ ಪರಿಹಾರವೂ ಸಿಗುವುದಿಲ್ಲ, ಅಲ್ವಾ?

ಕೊನೆಗೆ ಒಪ್ಪಿದ್ದು ಇಷ್ಟು. ಪಾರ್ಕಿನೊಳಗೆ ಯಾವ ನಾಯಿಯೂ ಹಗ್ಗವಿಲ್ಲದೆ ಇರಬಾರದು. ಹಗ್ಗ ಐದಾರು ಅಡಿ ಸಾಕು, ಬಟನ್ ಒತ್ತಿದರೆ ಉದ್ದವಾಗುವ ರೀಲ್ ಹಗ್ಗ ಬೇಡ. ಎಳೆದರೆ ತಡೆಯುವಷ್ಟು ಶಕ್ತಿ ಇರುವ ದೊಡ್ಡವರೇ ಹಿಡಿಯಬೇಕು, ಅಪ್ಪನಿಗೆ ನಿದ್ದೆ ಬಂದಿದೆ ಅಂತ ಹತ್ತು ವರ್ಷದ ಮಗಳ ಕೈಗೆ ಕೊಡುವುದಿಲ್ಲ. ಬಿಚ್ಚಿ ಓಡಾಡಿಸಲು ಬ್ಯಾಡ್ಮಿಂಟನ್ ಕೋರ್ಟು, ಬೆಳಗ್ಗೆ ಐದರಿಂದ ಐದೂವರೆ, ಒಳಗಿನಿಂದ ಚಿಲಕ ಹಾಕಿಕೊಂಡು. ಲಸಿಕೆ ಪುಸ್ತಕದ ನಕಲು ಸಂಘದ ವಹಿಯಲ್ಲಿ. ಶೇರುಗೆ ಮಾತ್ರ ಇನ್ನೊಂದು ಷರತ್ತು: ಹೊರಗೆ ತಂದಾಗಲೆಲ್ಲ ಬಾಯಿ ಜಾಲರಿ. ಆಸ್ಪತ್ರೆಯ ಖರ್ಚು, ಪ್ಲಾಸ್ಟರ್, ಓಡಾಡಿದ ಆಟೋದ ದುಡ್ಡು, ಎಲ್ಲವನ್ನೂ ಮಾಲಕರು ಕೊಟ್ಟರು. ಮಗ ದೂರನ್ನು ಕೊಡಲಿಲ್ಲ, ಹರಿದೂ ಹಾಕಲಿಲ್ಲ. ಮತ್ತೊಮ್ಮೆ ಆದರೆ ಕೊಡುತ್ತೇನೆ ಅಂದ. ನನಗೆ ಅದು ಸರಿ ಅನ್ನಿಸಿತು.

ಒಪ್ಪಿದ್ದೆಲ್ಲ ನಡೆಯಿತೇ ಅಂದರೆ, ಪೂರ್ತಿ ಇಲ್ಲ. ಮೊದಲ ವಾರ ಮಾಲಕರು ಬಟ್ಟೆಯ ಬಿಗಿ ಪಟ್ಟಿ ತಂದು ನಾಯಿಯ ಬಾಯಿಗೆ ಸುತ್ತಿದರು. ಎರಡು ಸುತ್ತು ಹಾಕುವಷ್ಟರಲ್ಲಿ ಶೇರು ಕಾಲು ಕುಸಿದು ಕೂತುಬಿಟ್ಟಿತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು, ನಾಲಿಗೆ ಹೊರಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಬಾಯಿ ಬಿಗಿದರೆ ಒಳಗೇ ಬೆಂದುಹೋಗುತ್ತದೆ. ಪಶುವೈದ್ಯರು ನೋಡಿ, ಬುಟ್ಟಿಯ ಆಕಾರದ ಜಾಲರಿ ತನ್ನಿ ಅಂದರು. ಅದರೊಳಗೆ ನಾಯಿ ಬಾಯಿ ತೆರೆಯಬಹುದು, ನೀರೂ ಕುಡಿಯಬಹುದು, ಕಚ್ಚಲು ಮಾತ್ರ ಆಗದು. ಅದನ್ನು ಅಭ್ಯಾಸ ಮಾಡಿಸಲು ಎರಡು ವಾರ ಹಿಡಿಯಿತು. ಜಾಲರಿಯೊಳಗೆ ಬೆಲ್ಲದ ಚೂರು ಇಡಲು ಹೋದಾಗ ವೈದ್ಯರು ಬೈದು, ಬೇಯಿಸಿದ ಮೊಟ್ಟೆಯ ತುಣುಕು ಇಡಿ ಅಂದರಂತೆ. ಈಗ ಜಾಲರಿ ಕಂಡರೆ ಅದೇ ಮೂತಿ ತೂರಿಸುತ್ತದೆ.

ಕೋರ್ಟಿನ ವಿಷಯದಲ್ಲಿ ಇನ್ನೂ ಕಿರಿಕಿರಿ ಇದೆ. ಆಡಲು ಬರುವ ಹುಡುಗರಿಗೆ ಅಲ್ಲಿ ನಾಯಿಯ ಹೊಲಸು ಕಂಡಿದೆ, ಒಂದಲ್ಲ ಎರಡು ಸಲ. ಎತ್ತಿ ಹಾಕಲು ಮೊರ, ಬುಟ್ಟಿ ಇಟ್ಟಿದ್ದೇವೆ. ಮೂರು ಮನೆಯವರು ತಪ್ಪದೆ ಎತ್ತುತ್ತಾರೆ. ಇನ್ನೊಂದು ಮನೆಯವರಿಗೆ ನಾನೇ ಹೋಗಿ ಹೇಳಿದೆ. ಈ ಸಲ ಸುಮ್ಮನಿರಲಿಲ್ಲ. ಮಕ್ಕಳಿಗೂ ಒಂದು ಭಾನುವಾರ ಹೇಳಿಕೊಟ್ಟೆ: ನಾಯಿ ಬೆನ್ನು ಹತ್ತಿದರೆ ಓಡಬೇಡಿ, ಕಿರುಚಬೇಡಿ, ಕೈ ಮೈಗಂಟಿಸಿ ಬೇವಿನ ಮರದ ಹಾಗೆ ನಿಲ್ಲಿ, ಅದರ ಕಣ್ಣು ನೋಡಬೇಡಿ. ಆಟದ ಹಾಗೆ ಕಲಿತರು. ಆದರೆ ಮಕ್ಕಳಿಗೆ ಕಲಿಸಿದೆವು ಅಂತ ಮಾಲಕರ ಕೈಯ ಹಗ್ಗ ಸಡಿಲವಾಗಬಾರದು ಅಂತ ಅವತ್ತೇ ಅವರೆದುರೇ ಹೇಳಿದೆ.

ದುಪಟ್ಟಾ ಎಳೆಸಿಕೊಂಡ ಆ ಕಾಲೇಜು ಹುಡುಗಿ ಮರಳಿ ಬಂದಿಲ್ಲ. ಅವಳ ಮನೆಗೆ ಹೋಗಿ ಕರೆದೆ. ನೋಡುತ್ತೇನೆ ಆಂಟಿ ಅಂದಳು.

ಅಜ್ಜಿಯ ಪ್ಲಾಸ್ಟರನ್ನು ಆರು ವಾರಕ್ಕೆ ಬಿಚ್ಚಿದರು. ಮುಷ್ಟಿ ಈಗಲೂ ಪೂರ್ತಿ ಬಿಗಿಯಾಗುವುದಿಲ್ಲ, ರೊಟ್ಟಿ ಬಡಿಯುವ ಕೆಲಸ ಸೊಸೆಗೆ ಹೋಗಿದೆ. ಮಳೆ ಶುರುವಾದ ಮೇಲೆ ಒಂದು ದಿನ ಪಾರ್ಕಿಗೆ ಬಂದರು. ಈಗ ದಿನಾ ನನ್ನ ಜೊತೆ ಎರಡು ಸುತ್ತು ಹಾಕುತ್ತಾರೆ. ಹಿಂದಿನಿಂದ ಫರ್ಸಿ ಮೇಲೆ ಉಗುರಿನ ಸದ್ದು ಕೇಳಿದರೆ ಮಾತು ಅರ್ಧಕ್ಕೆ ಬಿಟ್ಟು ನಿಲ್ಲುತ್ತಾರೆ. ತಿರುಗಿ, ನಾಯಿಯನ್ನಲ್ಲ, ಅದರ ಕೊರಳಿನಿಂದ ಮಾಲಕರ ಕೈವರೆಗೆ ಹಗ್ಗವನ್ನು ನೋಡುತ್ತಾರೆ. ಕಂಡ ಮೇಲೆ ಹೆಜ್ಜೆ ಹಾಕುತ್ತಾರೆ.